ಕಡೂರು ನಿಲ್ದಾಣವೂ ಕಾಫಿಯ ನಾಡೂ: ಒಂದು ವಿಮರ್ಶೆ

೧

ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು ನೋಡಲು ಹೊರಡುವ ವಿದ್ಯಾರ್ಥಿಗಳು ತರೀಕೆರೆಯ ರೈಲು ನಿಲ್ದಾಣದಲ್ಲಿ ಇಳಿಯುವುದುಂಟು. ವೀರಬಲ್ಲಾಳನ ಆಳ್ವಿಕೆಯಲ್ಲಿ, ೧೧೯೬ರಲ್ಲಿ, ನಿರ್ಮಿತವಾದ ಆ ಗುಡಿಯ ಕಂಬಗಳನ್ನು ಅಳೆದು, ಭುವನೇಶ್ವರಿಗಳನ್ನು ಗುರುತು ಹಾಕಿಕೊಂಡು, ಶಾಸನದ ಮುಂದೆ ನಿಂತು ಹಿಂತಿರುಗುವ ಅವರು ತಾವು ಇಳಿದು ಹತ್ತಿದ ನಿಲ್ದಾಣವನ್ನು ಮಾತ್ರ ನೋಡಿರುವುದಿಲ್ಲ. ಇದು ಅವರ ತಪ್ಪಲ್ಲ. ಅವರಿಗೆ ಪಾಠ ಹೇಳುವ ನಾವೂ ಅದನ್ನು ನೋಡಿದವರಲ್ಲ. ದೇವಾಲಯ, ಕೋಟೆ, ಅರಮನೆ ಇವುಗಳಿಗೆ ನಮ್ಮ ಇತಿಹಾಸಲೇಖನದಲ್ಲಿ ಸಲ್ಲುತ್ತಿರುವ ಗೌರವದ ಒಂದಂಶವೂ ರೈಲು ನಿಲ್ದಾಣಕ್ಕೆ ಸಂದಿಲ್ಲ.

ಬಾಬಾಬುಡನ್‌ಗಿರಿಯ ಸುತ್ತಣ ಕಾಫಿಯ ನಾಡಿನ ವಿಷಯದಲ್ಲಿ ಈ ಅಲಕ್ಷ್ಯದ ಫಲವಾಗಿ ಮೂರು ಅಭಿಪ್ರಾಯಗಳು ವಿಚಾರಣೆಗೆ ಒಳಗಾಗದೆಯೇ ಬಳಕೆಗೆ ಬಂದಿವೆ. ಮೊದಲನೆಯದು, ಕಾಫಿಯನ್ನು ಸಾಗಿಸುವುದಕ್ಕಾಗಿಯೇ ಈ ಸೀಮೆಗೆ ರೈಲು ಬಂದಿತೆಂಬುದು. ಎರಡನೆಯದು, ಕಡೂರು, ಬೀರೂರು, ತರೀಕೆರೆಗಳಂಥ ನಿಲ್ದಾಣಗಳಲ್ಲಿ ವಾಸ್ತುಶಿಲ್ಪವೆಂದು ಹೇಳತಕ್ಕದ್ದು ಏನೂ ಇಲ್ಲವೆಂಬುದು. ಮೂರನೆಯದು, ಚಿಕ್ಕಮಗಳೂರು ನಗರದ ರೈಲ್ವೆ ಇತಿಹಾಸ ೨೦೧೩ರ ನವೆಂಬರಿನಲ್ಲಿ, ಅಂದರೆ ಕಡೂರಿನಿಂದ ೪೬ ಕಿಲೋಮೀಟರುಗಳ ಹೊಸ ಹಳಿ ಅಲ್ಲಿಗೆ ಮುಟ್ಟಿದ ದಿನ, ಆರಂಭವಾಯಿತೆಂಬುದು. ಈ ಮೂರೂ ಸರಿಯಲ್ಲವೆಂದು ನಾವು ತಿಳಿಯುತ್ತೇವೆ. ಚಿಕ್ಕಮಗಳೂರಿಗೆ ೧೮೮೯ರಿಂದಲೂ ಒಂದು ರೈಲು ನಿಲ್ದಾಣವಿದ್ದಿತು. ಆದರೆ ಅದು ನಗರದಲ್ಲಿ ಇರಲಿಲ್ಲ, ಸುಮಾರು ೪೦ ಕಿಲೋಮೀಟರು ದೂರದ ಕಡೂರಿನಲ್ಲಿ ಇದ್ದಿತು. ಈ ದೂರವನ್ನು ಲೆಕ್ಕಕ್ಕೆ ಹಿಡಿಯದೆ ಆ ನಿಲ್ದಾಣದ ಇತಿಹಾಸವನ್ನಾಗಲಿ ಅದರ ಕಟ್ಟಡವನ್ನಾಗಲಿ ಅರ್ಥಮಾಡಿಕೊಳ್ಳಲು ಸಾಧ್ಯವಿಲ್ಲವೆಂಬುದೇ ಪ್ರಕೃತ ಲೇಖನದ ಪ್ರತಿಪಾದನೆ.

೨

ಮೊದಲನೆಯ ಅಭಿಪ್ರಾಯವನ್ನು ಕಾಲಾನುಕ್ರಮದ ಒರೆಗಲ್ಲಿಗೆ ಹಚ್ಚಿ ನೋಡೋಣ. ಬಾಬಾಬುಡನ್ ಎಂಬ ಸಂತರು ಹದಿನೇಳನೆಯ ಶತಮಾನದಲ್ಲಿ ಯೆಮೆನ್ ದೇಶದ ಮೋಖಾದಿಂದ ಏಳು ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದರೆಂಬುದು ಪ್ರಸಿದ್ಧವಾದ ಐತಿಹ್ಯ. ಐತಿಹ್ಯವನ್ನು ಬದಿಗಿರಿಸಿದರೂ, ೧೮೩೦ರ ಸುಮಾರಿಗೆ ಕ್ಯಾನನ್ ಎಂಬ ಆಂಗ್ಲನು ಚಿಕ್ಕಮಗಳೂರಿನ ಬಳಿ ತೋಟವೆಬ್ಬಿಸಿದ ಮೇಲೆ ಇಲ್ಲಿ ಕಾಫಿ ವ್ಯಾಪಾರದ ಬೆಳೆಯಾಯಿತೆಂಬುದು ನಿರ್ವಿವಾದ. ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ಹಳಿ ತುಮಕೂರನ್ನೂ ಗುಬ್ಬಿಯನ್ನೂ ಮುಟ್ಟಿದ್ದು ೧೮೮೪ರಲ್ಲಿ. ಅಲ್ಲಿಂದ ತಿಪಟೂರು, ಅರಸೀಕೆರೆ, ಕಡೂರು, ಬೀರೂರುಗಳನ್ನು ಹಾದು ಹರಿಹರವನ್ನು ಮುಟ್ಟಿದ್ದು ೧೮೮೯ರಲ್ಲಿ. ಹೀಗೆ ದೊಡ್ಡ ತೋಟಗಳ ಆರಂಭಕ್ಕೂ ರೈಲಿನ ಆಗಮನಕ್ಕೂ ನಡುವೆ ಅರ್ಧ ಶತಮಾನಕ್ಕೂ ಮಿಕ್ಕ ಅಂತರವಿದೆ. ಆ ಅವಧಿಯಲ್ಲೆಲ್ಲ ಕಾಫಿ ಎತ್ತಿನ ಗಾಡಿಗಳ ಮೇಲೆಯೇ ಸಾಗುತ್ತಿದ್ದಿತು. ಒಂದು ಹಾದಿ ಘಟ್ಟವಿಳಿದು ಮಂಗಳೂರಿನ ಬಂದರಿಗೆ, ಇನ್ನೊಂದು ಬಯಲುಸೀಮೆಯ ಪೇಟೆಗಳಿಗೆ. ತೋಟದ ಕೂಲಿಯಾಳುಗಳಲ್ಲಿ ಅನೇಕರು ದಕ್ಷಿಣ ಕನ್ನಡದಿಂದ ಘಟ್ಟದ ಹಾದಿ ಹಿಡಿದು ಕಾಲ್ನಡಿಗೆಯಲ್ಲಿ ಬಂದವರು. ಆದಕಾರಣ ಕಾಫಿಯ ನಾಡನ್ನು ರೈಲು ಕಟ್ಟಿತೆಂದು ಹೇಳುವುದು ಕಾರಣಕ್ಕೂ ಕಾರ್ಯಕ್ಕೂ ಸ್ಥಾನಪಲ್ಲಟ ಮಾಡಿದಂತೆ.

ರೈಲು ಬಂದ ಮೇಲೆ ಕಾಫಿಯ ಏಳಿಗೆಯಾಯಿತೆಂಬ ಮಾತನ್ನೂ ಎಚ್ಚರಿಕೆಯಿಂದಲೇ ಒಪ್ಪಬೇಕು. ಹಳಿ ಕಡೂರಿಗೆ ಬಂದು ಹತ್ತು ವರ್ಷ ತುಂಬುವುದರೊಳಗೆ, ೧೮೯೦ರ ದಶಕದ ಕೊನೆಯಲ್ಲಿ, ಬ್ರೆಜಿಲ್ ದೇಶದ ಅತಿಯಾದ ಫಸಲಿನಿಂದ ಲೋಕದ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ಕುಸಿಯಿತು. ಸಾಗಣೆಯ ಸೌಕರ್ಯ ಹೆಚ್ಚಿದ ಹೊತ್ತಿನಲ್ಲಿಯೇ ಬೆಳೆಗಾರನ ಕೈ ಬರಿದಾಯಿತು. ಸಾಗಣೆಯ ವೆಚ್ಚವನ್ನು ರೈಲು ತಗ್ಗಿಸಬಲ್ಲದು. ಲೋಕದ ಬೆಲೆಯನ್ನು ಅದು ನಿರ್ಧರಿಸಲಾರದು.

ಹಾಗಾದರೆ ಈ ಹಳಿ ಯಾತಕ್ಕಾಗಿ ಹುಟ್ಟಿತು? ಉತ್ತರವನ್ನು ಗಿರಿಯ ಮೇಲಲ್ಲ, ಬಯಲಿನಲ್ಲಿ ಹುಡುಕಬೇಕು. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಒಣಸೀಮೆ ಜನರನ್ನೂ ದನಗಳನ್ನೂ ಕಳೆದುಕೊಂಡಿತು. ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ಅದನ್ನು ಹೊತ್ತು ತರಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತುದರಿಂದ ಕಷ್ಟ ಇಮ್ಮಡಿಯಾಯಿತು. ಬೆಂಗಳೂರು-ಮೈಸೂರು ಹಳಿಯ ಕೆಲಸ ಕ್ಷಾಮಪರಿಹಾರದ ಕಾಮಗಾರಿಯಾಗಿ ೧೮೭೭ರಲ್ಲಿ ಆರಂಭವಾದುದೂ, ಗುಬ್ಬಿಯಿಂದ ಮುಂದಿನ ಕೆಲಸವನ್ನು ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯ ಕಾಲದಲ್ಲಿ ಕೈಗೊಂಡ ಸದರನ್ ಮರಾಠಾ ರೈಲ್ವೆ ಕಂಪನಿ ೧೮೮೨ರಲ್ಲಿ ಸ್ಥಾಪಿತವಾದುದು ಹೋಟಗಿ-ಗದಗಗಳ ನಡುವೆ ಕ್ಷಾಮನಿವಾರಣೆಯ ಹಳಿ ಹಾಕುವುದಕ್ಕಾಗಿ ಎಂಬುದೂ ಇಲ್ಲಿ ನೆನೆಯತಕ್ಕ ಸಂಗತಿಗಳು. ಈ ಹಳಿ ತೆಂಗಿನ ಸೀಮೆಯನ್ನೂ ಅಮೃತಮಹಲ್ ದನಗಳಿಗೆ ಹೆಸರಾದ ಅಜ್ಜಂಪುರದ ಮೈದಾನವನ್ನೂ ಹಾದು ಹೋಗುತ್ತದೆ. ಗಿರಿಸಾಲನ್ನು ಪಡುವಣ ದಿಗಂತದಲ್ಲಿ ನೀಲಿಯ ಗೆರೆಯಾಗಿ ಬಿಟ್ಟು, ಮಳೆಯ ಮರೆಯ ಅಂಚಿನಲ್ಲಿಯೇ ಉತ್ತರಾಭಿಮುಖವಾಗಿ ಸಾಗುತ್ತದೆ. ಕಾಫಿಗಾಗಿ ಹಾಕಿದ ಹಳಿ ಕಾಫಿಗೆ ಇಷ್ಟು ಬೆನ್ನು ತಿರುಗಿಸಿ ಹೋಗುತ್ತಿರಲಿಲ್ಲ.

ಆದರೂ ಒಂದು ವಿಚಿತ್ರ ಯೋಗ ಕೂಡಿಬಂದಿತು. ಆ ಕಾಲದಲ್ಲಿ ಇಡೀ ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರು. ೧೯೪೭ರವರೆಗೂ ಆ ಹೆಸರೇ ನಡೆಯಿತು. ಜಿಲ್ಲೆಯ ಕಚೇರಿಗಳು ಮಾತ್ರ ೧೮೬೦ರ ದಶಕದಲ್ಲಿಯೇ ಚಿಕ್ಕಮಗಳೂರಿಗೆ ಏರಿ ಹೋಗಿದ್ದವು. ಕಚೇರಿಯನ್ನು ಕಳೆದುಕೊಂಡ ಊರಿಗೆ ನಿಲ್ದಾಣ ಬಂದಿತು. ಕಚೇರಿಯನ್ನು ಪಡೆದ ಊರಿಗೆ ನಿಲ್ದಾಣ ಬರಲಿಲ್ಲ. ಅಂದಿನಿಂದ ಅಮಲ್ದಾರನಾಗಲಿ, ತೋಟದ ಧಣಿಯಾಗಲಿ, ಮೈಸೂರಿಗೆ ಓದಲು ಹೊರಟ ಹುಡುಗನಾಗಲಿ ಚಿಕ್ಕಮಗಳೂರಿನಿಂದ ರೈಲು ಹತ್ತಬೇಕಾದರೆ ಮೊದಲು ಕಡೂರಿನ ರಸ್ತೆಯನ್ನು ಹಿಡಿಯಬೇಕಾಯಿತು.

೩

ಕಡೂರಿನವರೆಗೆ ಬಂದ ಹಳಿ ೧೨೪ ವರ್ಷಗಳ ಕಾಲ ಅಲ್ಲಿಂದ ಮೇಲೆ ಏಕೆ ಹೋಗಲಿಲ್ಲ? ಬೆಟ್ಟದ ಕಡಿದನ್ನು ಕಾರಣವಾಗಿ ಹೇಳುವುದು ವಾಡಿಕೆ. ಇದು ಅರ್ಧ ಸತ್ಯ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ಘಟ್ಟದಲ್ಲಿ ೫೭ ಸುರಂಗಗಳನ್ನು ಕೊರೆಯಬೇಕಾಯಿತು. ಹಾಸನ-ಮಂಗಳೂರು ಮಾರ್ಗ ೧೯೭೯ರಲ್ಲಷ್ಟೇ ಮುಗಿದುದಕ್ಕೆ ಅಂಥ ದುರ್ಗಮತೆ ಒಂದು ಕಾರಣವೆಂದು ಒಪ್ಪಬಹುದು. ಕಡೂರು-ಚಿಕ್ಕಮಗಳೂರುಗಳ ನಡುವಿನದು ಏರುದಾರಿಯೇ ಹೊರತು ಘಟ್ಟವಿಳಿಯುವ ದಾರಿಯಲ್ಲ.

ನಮಗೆ ತೋರುವಂತೆ ನಿಜವಾದ ಕಾರಣ ಸರಕಿನ ಸ್ವಭಾವದಲ್ಲಿದೆ. ಇದೇ ಗಿರಿಸಾಲಿನಿಂದ ಹೊರಟ ಬೇರೆ ಸರಕುಗಳು ಯಾವ ಯಾವ ದಾರಿ ಹಿಡಿದವೆಂಬುದನ್ನು ಹೋಲಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬೀರೂರಿನಿಂದ ಶಿವಮೊಗ್ಗಕ್ಕೆ ೧೮೯೯ರಲ್ಲಿ ಕವಲುಹಳಿ ಬಂದಿತು. ೧೯೧೦ರ ದಶಕದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಎರಡಡಿ ಅಗಲದ ಕಿರುಹಳಿಯೊಂದು ಹೋಯಿತು. ಈಗ ಅದು ಇಲ್ಲ. ೧೯೨೩ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾದಾಗ ಕೆಮ್ಮಣ್ಣುಗುಂಡಿಯ ಅದಿರನ್ನು ಹಗ್ಗದ ತೊಟ್ಟಿಲುಗಳಲ್ಲಿ ತಣಿಗೆಬೈಲಿಗೆ ಇಳಿಸಿ, ಅಲ್ಲಿಂದ ಟ್ರಾಮ್ ಹಳಿಯ ಮೇಲೆ ಕಾರ್ಖಾನೆಗೆ ಒಯ್ಯುವ ಏರ್ಪಾಡಾಯಿತು. ೧೯೮೦ರ ದಶಕದಲ್ಲಿ ಕುದುರೆಮುಖದ ಅದಿರು ನೀರಿನೊಡನೆ ಕಲಸಿದ ರಾಡಿಯಾಗಿ, ೬೭ ಕಿಲೋಮೀಟರುಗಳ ಕೊಳವೆಯಲ್ಲಿ ಮಂಗಳೂರಿಗೆ ಹರಿಯಿತು. ೨೦೦೫ರ ಕೊನೆಗೆ ಆ ಗಣಿಗಾರಿಕೆ ನಿಂತಿತು.

ಇವುಗಳಲ್ಲಿ ಒಂದು ನಿಯಮ ಕಾಣುತ್ತದೆ. ಅದಿರು, ಮರ ಇವು ತೂಕದಲ್ಲಿ ಭಾರ, ತೂಕಕ್ಕೆ ಹೋಲಿಸಿದರೆ ಬೆಲೆಯಲ್ಲಿ ಹಗುರ. ಹತ್ತು ಮೈಲಿ ಗಾಡಿಯ ಬಾಡಿಗೆಯನ್ನು ಕೊಟ್ಟರೆ ಅವುಗಳ ಲಾಭವೇ ಕರಗುತ್ತದೆ. ಆದ್ದರಿಂದ ಹಳಿಯೋ ಹಗ್ಗವೋ ಕೊಳವೆಯೋ ಅವುಗಳಿರುವ ಜಾಗಕ್ಕೇ ಹೋಗಬೇಕಾಗುತ್ತದೆ. ಕಾಫಿ ಇದಕ್ಕೆ ವಿರುದ್ಧವಾದ ಸರಕು. ಒಂದು ಗಾಡಿ ಅದಿರಿಗೂ ಒಂದು ಗಾಡಿ ಕಾಫಿಗೂ ಬಾಡಿಗೆ ಒಂದೇ ಆದರೂ ಬೆಲೆ ಅಜಗಜಾಂತರ. ವರ್ಷಕ್ಕೊಮ್ಮೆ, ಕೊಯ್ಲಿನ ಕೆಲವು ತಿಂಗಳುಗಳಲ್ಲಿ ಮಾತ್ರ, ಮೂಟೆಗಳಲ್ಲಿ ಇಳಿಯುವ ಈ ಫಸಲು ೪೦ ಕಿಲೋಮೀಟರುಗಳ ಗಾಡಿಯ ಬಾಡಿಗೆಯನ್ನು ತಾನೇ ಹೊರಬಲ್ಲುದಾಗಿತ್ತು. ಮುಂದೆ ಲಾರಿಗಳು ಬಂದ ಮೇಲೆ ಆ ಹೊರೆ ಇನ್ನಷ್ಟು ಹಗುರವಾಯಿತು. ಜೊತೆಗೆ ಮಂಗಳೂರು, ಹುಣಸೂರುಗಳಲ್ಲಿ ಕಾಫಿಯನ್ನು ಹದಮಾಡುವ ಕಾರ್ಖಾನೆಗಳಿದ್ದುದರಿಂದ ಎಲ್ಲ ಕಾಫಿಯೂ ಕಡೂರಿಗೇ ಬರಬೇಕೆಂಬ ನಿರ್ಬಂಧವೂ ಇರಲಿಲ್ಲ. ೧೯೦೭ರಲ್ಲಿ ಮದರಾಸಿನ ಕಡೆಯಿಂದ ಮಂಗಳೂರಿಗೆ ರೈಲು ಬಂದ ಮೇಲಂತೂ ಘಟ್ಟದ ಕೆಳಗೂ ಒಂದು ನಿಲ್ದಾಣ ದೊರೆಯಿತು. ಗಿರಿಯ ಎರಡು ಮಗ್ಗುಲಲ್ಲಿಯೂ ನಿಲ್ದಾಣ, ಗಿರಿಯ ಮೇಲೆ ಮಾತ್ರ ಇಲ್ಲ; ಮೂಡಿಗೆರೆಗೂ ಕಳಸಕ್ಕೂ ಇಂದಿಗೂ ಇಲ್ಲ. ಚಿಕ್ಕಮಗಳೂರಿಗೆ ಹಳಿ ಬಾರದೆ ಹೋದುದು ಕಾಫಿಯ ಬಡತನದಿಂದಲ್ಲ, ಅದರ ಸಿರಿತನದಿಂದ ಎಂದರೆ ವಾಚಕರಿಗೆ ವಿಪರೀತವೆನಿಸಬಹುದು. ಆದರೆ ಮೇಲ್ಕಂಡ ಹೋಲಿಕೆ ನಮ್ಮನ್ನು ಈ ನಿರ್ಣಯಕ್ಕೇ ಒಯ್ಯುತ್ತದೆ.

ಈ ಸೌಕರ್ಯದ ಲೆಕ್ಕದಲ್ಲಿ ಬಿಟ್ಟುಹೋದವರು ಜನಸಾಮಾನ್ಯರು. ಕಾಫಿಗೆ ೪೦ ಕಿಲೋಮೀಟರು ದೂರವಾಗಲಿಲ್ಲ. ರೋಗಿಗೆ, ಕೂಲಿಯವನಿಗೆ, ವಿದ್ಯಾರ್ಥಿಗೆ ಅದು ದೂರವೇ ಆಯಿತು. ಹಳಿಯ ಇತಿಹಾಸವನ್ನು ಸರಕಿನ ಕಡೆಯಿಂದ ಮಾತ್ರ ಬರೆದರೆ ಈ ನಷ್ಟ ಯಾವ ದಾಖಲೆಯಲ್ಲಿಯೂ ಕಾಣದೆ ಹೋಗುತ್ತದೆ.

೪

ಇನ್ನು ವಾಸ್ತುವಿನ ಪ್ರಶ್ನೆ. ನಿಲ್ದಾಣದ ಶಿಲ್ಪವೆಂದೊಡನೆ ನಮ್ಮ ಪಾಠಗಳಲ್ಲಿ ಮೊದಲು ಬರುವ ಉದಾಹರಣೆ ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್. ಸ್ಟೀವನ್ಸ್ ಎಂಬ ಶಿಲ್ಪಿಯ ಯೋಜನೆಯಂತೆ ೧೮೭೮ರಲ್ಲಿ ಆರಂಭವಾಗಿ ಹತ್ತು ವರ್ಷಗಳಲ್ಲಿ ಮುಗಿದ ಆ ಕಟ್ಟಡ ೨೦೦೪ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಗುಮ್ಮಟ, ಗೋಪುರ, ಕೆತ್ತಿದ ಪ್ರಾಣಿಪಕ್ಷಿಗಳು, ಬಣ್ಣದ ಗಾಜು ಇವನ್ನೆಲ್ಲ ಕಂಡು ಬಂದವನು ಕಡೂರಿನಲ್ಲಿ ಇಳಿದರೆ ಅಲ್ಲಿ ಏನೂ ಇಲ್ಲವೆನ್ನುವುದು ಸಹಜ. ಆದರೆ ಎರಡೂ ಒಂದೇ ದಶಕದವು ಎಂಬುದನ್ನು ಮರೆಯಬಾರದು. ಮುಂಬಯಿಯದು ಒಂದು ಕಂಪನಿ ತನ್ನ ಐಶ್ವರ್ಯವನ್ನು ಒಂದು ಮಹಾನಗರಕ್ಕೆ ತೋರಿಸಲು ಕಟ್ಟಿದ ಸೌಧ. ಕಡೂರಿನದು, ಹಣವನ್ನು ಎಷ್ಟು ಕಡಮೆ ಮಾಡಬಹುದೆಂಬ ಲೆಕ್ಕದಲ್ಲಿಯೇ ಹುಟ್ಟಿದ ಮೀಟರ್ ಗೇಜ್ ಹಳಿಯ ನಿಲ್ದಾಣ. ಹಳಿಯ ಅಗಲವನ್ನು ತಗ್ಗಿಸಿದ ಮಿತವ್ಯಯವೇ ಕಟ್ಟಡದ ಎತ್ತರವನ್ನೂ ತಗ್ಗಿಸಿತು. ಹೊಯ್ಸಳ ಗುಡಿಯ ಅಳತೆಗೋಲಿನಿಂದ ಊರಿನ ಮಾರಿಗುಡಿಯನ್ನು ಅಳೆಯುವುದು ಎಷ್ಟು ಸರಿಯೋ, ಮುಂಬಯಿಯ ಅಳತೆಯಿಂದ ಇದನ್ನು ಅಳೆಯುವುದೂ ಅಷ್ಟೇ ಸರಿ.

ಇಂಥ ನಿಲ್ದಾಣವನ್ನು ಮುಖದಿಂದ ಓದಬಾರದು, ನಡೆಯಿಂದ ಓದಬೇಕು ಎಂಬುದು ನಮ್ಮ ಸೂಚನೆ. ಆ ಕಾಲದ ಮೀಟರ್ ಗೇಜ್ ನಿಲ್ದಾಣದ ಸಾಮಾನ್ಯ ವಿನ್ಯಾಸವನ್ನು ನೆನೆದುಕೊಳ್ಳೋಣ. ನಡುವೆ ಸ್ಟೇಷನ್ ಮಾಸ್ತರರ ಕೊಠಡಿ. ಪಕ್ಕದಲ್ಲಿ ಟಿಕೆಟ್ಟಿನ ಕಿಂಡಿ. ದರ್ಜೆಗೆ ತಕ್ಕಂತೆ ಬೇರೆ ಬೇರೆಯಾದ ತಂಗುವ ಸ್ಥಳಗಳು. ಮುಂದೆ ಬಿಸಿಲು ಮಳೆ ತಡೆಯುವ ಜಗಲಿ. ಮೇಲೆ ಇಳಿಜಾರಾದ ಹೆಂಚಿನ ಮಾಡು. ಈ ಮಾಡಿಗೆ ಹೊದಿಸುತ್ತಿದ್ದ ಮಂಗಳೂರು ಹೆಂಚಿಗೂ ಒಂದು ಇತಿಹಾಸವಿದೆ. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಅದು ದಕ್ಷಿಣದ ಕಚೇರಿ, ಶಾಲೆ, ನಿಲ್ದಾಣಗಳ ಸಾಮಾನ್ಯ ಹೊದಿಕೆಯಾಯಿತು. ಕಾಫಿಯ ಮೂಟೆ ಘಟ್ಟವಿಳಿದ ನಾಡಿಗೆ ಹೆಂಚು ಘಟ್ಟವೇರಿ ಬಂದಿತು. ಜಗಲಿಯಲ್ಲಿ ಮೂರನೆಯ ದರ್ಜೆಯವನು ಎಲ್ಲಿ ಕುಳಿತನು, ಮೊದಲನೆಯ ದರ್ಜೆಯವನು ಎಲ್ಲಿ ಕುಳಿತನು ಎಂಬುದು ಗೋಡೆಗಳ ಹಂಚಿಕೆಯಲ್ಲಿಯೇ ಬರೆದಿರುತ್ತದೆ. ವಸಾಹತು ಕಾಲದ ಸಮಾಜವನ್ನು ಪಾಠ ಮಾಡಲು ಇದಕ್ಕಿಂತ ಸ್ಪಷ್ಟವಾದ ನಕ್ಷೆ ಬೇಕಾಗಿಲ್ಲ.

ಆದರೆ ಪ್ರಯಾಣಿಕರ ಕಟ್ಟಡಕ್ಕಿಂತಲೂ ಮುಖ್ಯವಾದದ್ದು ಅದರ ಆಚೆಗಿರುವ ಗೂಡ್ಸ್ ಷೆಡ್ಡು. ಅದರ ಕಟ್ಟೆ ವ್ಯಾಗನ್ನಿನ ತಳದ ಮಟ್ಟಕ್ಕೆ ಎತ್ತರಿಸಿದ್ದು. ಒಂದು ಮಗ್ಗುಲಲ್ಲಿ ಹಳಿ, ಇನ್ನೊಂದು ಮಗ್ಗುಲಲ್ಲಿ ಗಾಡಿ ನಿಲ್ಲುವ ಬಯಲು. ಮೂಟೆ ಈ ಕಡೆಯಿಂದ ಏರಿ ಆ ಕಡೆಗೆ ದಾಟುವ ಕೆಲವು ಗಜಗಳ ಅಗಲದಲ್ಲಿ ಎತ್ತಿನ ಯುಗವೂ ಉಗಿಯ ಯುಗವೂ ಸಂಧಿಸಿದವು. ಗಾಡಿಗಳು ನಿಲ್ಲಲು ಬಿಟ್ಟ ಬಯಲಿನ ವಿಸ್ತಾರ, ಎತ್ತುಗಳಿಗೆ ನೀರು ಕುಡಿಸಿದ ಬಾವಿ ಅಥವಾ ತೊಟ್ಟಿ, ನೆರಳಿನ ಮರ, ನಿಲ್ದಾಣದಿಂದ ಹೊರಟ ರಸ್ತೆಯ ಮೊದಲ ಅಂಗಡಿಸಾಲು, ಇವೆಲ್ಲ ಸೇರಿಯೇ ನಿಲ್ದಾಣ. ಇಂಥ ನಿಲ್ದಾಣ ಊರಿನೊಳಗಿನ ಕಟ್ಟಡವಲ್ಲ. ೪೦ ಕಿಲೋಮೀಟರು ಉದ್ದದ ರಸ್ತೆಯ ಒಂದು ತುದಿ. ಅದರ ಇನ್ನೊಂದು ತುದಿ ತೋಟದ ಕಾಫಿಯ ಕಣದಲ್ಲಿದೆ. ಕಟ್ಟಡವನ್ನು ಮಾತ್ರ ನೋಡಿ ಶಿಲ್ಪವಿಲ್ಲವೆನ್ನುವವರು ಒಂದು ಸೇತುವೆಯ ಒಂದು ದಡವನ್ನು ಮಾತ್ರ ನೋಡಿ ಅದು ಮೋಟು ಗೋಡೆಯೆಂದು ತೀರ್ಮಾನಿಸಿದಂತೆ ಆಗುತ್ತದೆ.

ನಮ್ಮ ಸಂರಕ್ಷಣೆಯ ಅಭಿರುಚಿಯನ್ನೂ ಇಲ್ಲಿ ಪ್ರಶ್ನಿಸಬೇಕಾಗಿದೆ. ೧೯೭೯ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ೧೮೯೯ರ ಬಂಡಿಯನ್ನು ಜೋಪಾನ ಮಾಡಿದ್ದಾರೆ. ಇದು ಸ್ತುತ್ಯವಾದ ಕಾರ್ಯ. ಯಶವಂತಪುರ-ಚಿಕ್ಕಬಳ್ಳಾಪುರದ ೧೯೧೫ರ ಮಾರ್ಗದಲ್ಲಿರುವ ದೊಡ್ಡಜಾಲವೇ ಮೊದಲಾದ ಹಳೆಯ ಚಿಕ್ಕ ನಿಲ್ದಾಣಗಳ ಜೀರ್ಣೋದ್ಧಾರಕ್ಕೆ ಇಂಟ್ಯಾಕ್ ಸಂಸ್ಥೆ ಮುಂದಾದುದು ಇನ್ನೂ ಹೆಚ್ಚು ಸ್ತುತ್ಯ. ಚಿಕ್ಕ ನಿಲ್ದಾಣವೂ ಉಳಿಸತಕ್ಕ ವಸ್ತುವೆಂಬ ತಿಳಿವಳಿಕೆ ಅದರಿಂದ ಬಂದಿತು. ಆದರೆ ಎರಡು ಕಡೆಯೂ ನಮ್ಮ ಕಣ್ಣು ಬೀಳುವುದು ಚೆಲುವಾದದ್ದರ ಮೇಲೆ. ಮೂಟೆ ಹೊತ್ತ ಷೆಡ್ಡಿಗೆ, ಗಾಡಿಯ ಬಯಲಿಗೆ ಪರಂಪರೆಯ ಹೆಸರು ಇನ್ನೂ ಸಂದಿಲ್ಲ. ರಾಣಿಯ ಬಂಡಿ ಉಳಿದು ರೈತನ ಗಾಡಿ ನಿಂತ ಜಾಗ ಅಳಿದರೆ, ಮುಂದಿನವರಿಗೆ ನಾವು ಅರ್ಧ ಇತಿಹಾಸವನ್ನು ಮಾತ್ರ ಬಿಟ್ಟಂತಾಗುತ್ತದೆ.

೫

ಈ ಚರ್ಚೆ ಬರಿಯ ಪಾಂಡಿತ್ಯದ್ದಲ್ಲ. ಈ ನಿಲ್ದಾಣಗಳ ಆಡಳಿತ ಮೊದಲು ಕಂಪನಿಯ ಕೈಯಲ್ಲಿ, ೧೯೩೮ರಿಂದ ಮೈಸೂರು ಸಂಸ್ಥಾನದ ಕೈಯಲ್ಲಿ, ೧೯೫೧ರಿಂದ ದಕ್ಷಿಣ ರೈಲ್ವೆಯಲ್ಲಿ, ೨೦೦೩ರಿಂದ ಹುಬ್ಬಳ್ಳಿಯನ್ನು ಕೇಂದ್ರವಾಗುಳ್ಳ ನೈಋತ್ಯ ರೈಲ್ವೆಯಲ್ಲಿ ನಡೆದಿದೆ. ಆಡಳಿತ ಬದಲಾದಾಗ ಫಲಕ ಬದಲಾಯಿತೇ ಹೊರತು ನಿಲ್ದಾಣದ ಅಂಗರಚನೆ ಅಷ್ಟಾಗಿ ಬದಲಾಗಲಿಲ್ಲ. ಅದನ್ನು ಬದಲಾಯಿಸಿದ್ದು ೧೯೯೦ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದದ್ದು. ಹಳಿ ಅಗಲವಾದಾಗ ಪ್ಲಾಟ್‌ಫಾರಂ ಎತ್ತರವಾಗಬೇಕು. ಪ್ಲಾಟ್‌ಫಾರಂ ಎತ್ತರವಾದರೆ ಹಳೆಯ ಕಟ್ಟಡದ ನೆಲ ತಗ್ಗಿನಲ್ಲಿ ಉಳಿಯುತ್ತದೆ. ಮುಂದೆ ಜೋಡಿಹಳಿ, ವಿದ್ಯುತ್ ತಂತಿ, ಹೊಸ ಕಟ್ಟಡಗಳು ಬಂದವು. ಪ್ರಯಾಣಿಕರಿಗೆ ಇವು ಬೇಕಾದವೇ. ಇವನ್ನು ವಿರೋಧಿಸುವುದು ನಮ್ಮ ಉದ್ದೇಶವಲ್ಲ. ಸೋರುವ ಮಾಡಿನ ಕೆಳಗೆ ಜನರು ನಿಂತಿರಲಿ ಎಂದು ಹೇಳುವ ಹಕ್ಕು ಇತಿಹಾಸಕಾರನಿಗಿಲ್ಲ. ಆದರೆ ಕೆಡವುವ ಮೊದಲು ಅಳೆಯಿರಿ ಎಂದು ಕೇಳುವ ಹಕ್ಕು ಅವನಿಗಿದೆ. ಅಳೆಯುವ ಕರ್ತವ್ಯವೂ ಅವನದೇ.

೨೦೧೩ರ ಹೊಸ ನಿಲ್ದಾಣದ ವಿಷಯದಲ್ಲಿಯೂ ಒಂದು ಮಾತು ಹೇಳಬೇಕಾಗಿದೆ. ಆ ವರ್ಷ ಚಿಕ್ಕಮಗಳೂರಿಗೆ ರೈಲು ಬಂದಿತು ಎನ್ನುವುದಕ್ಕಿಂತ, ಅದರ ನಿಲ್ದಾಣ ೧೨೪ ವರ್ಷಗಳ ಅನಂತರ ಕಡೂರಿನಿಂದ ಸ್ವಂತ ಊರಿಗೆ ಬಂದಿತು ಎನ್ನುವುದು ಹೆಚ್ಚು ಸಮರ್ಪಕ. ಆದರೆ ಅದು ಬಂದದ್ದು ಕಾಫಿಯನ್ನು ಒಯ್ಯುವುದಕ್ಕಲ್ಲ, ಜನರನ್ನು ಒಯ್ಯುವುದಕ್ಕೆ. ಸರಕಿನ ಲೆಕ್ಕದಲ್ಲಿ ಬೇಡವಾದ ಹಳಿ ಜನರ ಲೆಕ್ಕದಲ್ಲಿ ಬೇಕಾಯಿತು. ಮೊದಲ ನಿಲ್ದಾಣವನ್ನು ಕ್ಷಾಮದ ಭಯ ತಂದಿತು, ಎರಡನೆಯದನ್ನು ಪ್ರಜೆಗಳ ಬೇಡಿಕೆ ತಂದಿತು. ಇವೆರಡನ್ನೂ ಒಂದೇ ಇತಿಹಾಸದ ಎರಡು ಅಧ್ಯಾಯಗಳಾಗಿ ಓದಿದಾಗ ಮಾತ್ರ ಒಂದು ಶತಮಾನದಲ್ಲಿ ರಾಜ್ಯದ ಉದ್ದೇಶಗಳು ಹೇಗೆ ಬದಲಾದವೆಂಬುದು ತಿಳಿಯುತ್ತದೆ.

ಅಧ್ಯಾಪಕಮಿತ್ರರಲ್ಲಿ ನಮ್ಮ ಬಿನ್ನಹವಿಷ್ಟೆ. ಕಡೂರು, ಬೀರೂರು, ತರೀಕೆರೆ ನಿಲ್ದಾಣಗಳ ಆವರಣದಲ್ಲಿ ಹಳೆಯದಾಗಿ ಉಳಿದಿರುವುದೆಲ್ಲವನ್ನೂ, ಕಟ್ಟೆ, ಬಾವಿ, ಗೋಡೆಯ ತುಂಡುಗಳನ್ನು ಸಹ, ವಿದ್ಯಾರ್ಥಿಗಳಿಂದ ಅಳತೆ ಮಾಡಿಸಿ ನಕ್ಷೆ ಬರೆಯಿಸಬೇಕು. ಲೂಯಿಸ್ ರೈಸ್ ಅವರ ಮೈಸೂರು ಗೆಜೆಟಿಯರಿನ ೧೮೭೭ರ ಆವೃತ್ತಿ ರೈಲು ಬರುವುದಕ್ಕೆ ಹಿಂದಿನದು, ೧೮೯೭ರದು ರೈಲು ಬಂದ ಮೇಲಿನದು. ಕಡೂರು ಜಿಲ್ಲೆಯ ರಸ್ತೆ, ಸಂತೆ, ವ್ಯಾಪಾರಗಳ ವಿವರಗಳನ್ನು ಎರಡರಲ್ಲಿಯೂ ಇಟ್ಟು ಹೋಲಿಸಿದರೆ ಒಂದು ಎಂ. ಎ. ಪ್ರಬಂಧಕ್ಕೆ ಸಾಲುವಷ್ಟು ಸಾಮಗ್ರಿ ದೊರೆಯುತ್ತದೆ. ತೋಟದ ಮನೆಗಳ ಕಡತಗಳಲ್ಲಿ ಗಾಡಿಯ ಬಾಡಿಗೆಯ, ರೈಲಿನ ರವಾನೆಯ ಚೀಟಿಗಳು ಉಳಿದಿದ್ದರೆ ಅವು ಗೆದ್ದಲಿಗೆ ತುತ್ತಾಗುವ ಮೊದಲು ನಕಲಾಗಬೇಕು. ಗಾಡಿ ಹೊಡೆದವರ, ಮೂಟೆ ಹೊತ್ತವರ ಮನೆಗಳಲ್ಲಿ ಉಳಿದಿರುವ ಮಾತನ್ನು ಕೇಳಿ ಬರೆದುಕೊಳ್ಳಬೇಕು. ಕಾಗದ ಬಿಟ್ಟುಹೋಗದವರ ಇತಿಹಾಸಕ್ಕೆ ಅದೊಂದೇ ಆಧಾರ. ಇದಕ್ಕೆ ದೊಡ್ಡ ಧನಸಹಾಯ ಬೇಕಾಗಿಲ್ಲ. ಅಮೃತಾಪುರಕ್ಕೆ ಹೊರಡುವ ಮುಂದಿನ ತಂಡ ತನ್ನ ಅಳತೆಯ ಪಟ್ಟಿಯನ್ನು ಗುಡಿಯ ಬಾಗಿಲವರೆಗೂ ಕಾಯದೆ, ರೈಲಿನಿಂದ ಇಳಿದ ಕೂಡಲೇ, ನಿಲ್ದಾಣದಲ್ಲಿಯೇ ಬಿಚ್ಚಿದರೆ ಸಾಕು.